ಬೇಲಿಯ ಕೆಳಗೆ ಬಿಟ್ಟ ಜಾಗ

ವಿಲೋ ಅಂದರೆ ನಮಗೆ ಥಟ್ಟನೆ ನೆನಪಾಗುವುದು ಕ್ರಿಕೆಟ್ ಬ್ಯಾಟು, ಅಲ್ವಾ? ಬ್ಯಾಟಿನ ವಿಲೋ ದೊಡ್ಡ ಮರ. ಅದೇ ಕುಲದ ಎಷ್ಟೋ ಗಿಡಗಳು ಎತ್ತರದ ಬೆಟ್ಟಗಳಲ್ಲಿ ಬರೀ ಪೊದೆಗಳಾಗಿ ಬೆಳೆಯುತ್ತವೆ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ, ರಾಕಿ ಪರ್ವತಗಳ ನಡುವೆ, ಕವುನೀಚಿ ಎಂಬ ಕಣಿವೆಯಿದೆ. ಸಮುದ್ರಮಟ್ಟದಿಂದ ಸುಮಾರು 2,700 ಮೀಟರ್ ಎತ್ತರ. ಕೊಲೊರಾಡೊ ನದಿ ಅಲ್ಲಿ ಇನ್ನೂ ಸಣ್ಣ ಹೊಳೆ. ಅದರ ಎರಡೂ ಕಡೆಯ ಜೌಗು ಹುಲ್ಲುಗಾವಲು ಒಂದು ಕಾಲಕ್ಕೆ ವಿಲೋ ಪೊದೆಗಳಿಂದ ತುಂಬಿತ್ತು.

ಅಂಥ ಜಾಗದಲ್ಲಿ ಬದುಕುವುದು ಸುಲಭವಲ್ಲ. ನೀರು ತುಂಬಿದ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ. ಎಷ್ಟೋ ಗಿಡಗಳ ಬೇರು ಅಲ್ಲಿ ಉಸಿರುಗಟ್ಟಿ ಕೊಳೆಯುತ್ತದೆ. ವಿಲೋ ಬೇರಿನೊಳಗೆ ಸಣ್ಣ ಪೊಳ್ಳು ಜಾಗಗಳಿವೆ, ಕಾಂಡದಿಂದ ಗಾಳಿ ಅವುಗಳ ಮೂಲಕ ಕೆಳಗಿಳಿಯುತ್ತದೆ. ಇದರಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹಿಮ ಕರಗುವ ಹೊತ್ತಿಗೇ ಹೂ ಬಿಡುತ್ತದೆ, ಚಳಿಗಾಲ ಕಳೆದು ಹಸಿದು ಬಂದ ದುಂಬಿಗಳಿಗೆ ಆಗ ಅದೇ ಊಟ. ಹತ್ತಿ ಎಳೆ ಹೊತ್ತ ಬೀಜಗಳು ಗಾಳಿಯಲ್ಲಿ ದೂರ ಹೋಗುತ್ತವೆ. ಆದರೆ ಅವುಗಳ ಆಯಸ್ಸು ಕೆಲವೇ ವಾರ. ಅಷ್ಟರಲ್ಲಿ ಹುಲ್ಲಿಲ್ಲದ ಒದ್ದೆ ಮಣ್ಣು ಸಿಕ್ಕರೆ ಮೊಳಕೆ, ಇಲ್ಲದಿದ್ದರೆ ಇಲ್ಲ.

ಆ ಒದ್ದೆ ಮಣ್ಣನ್ನು ಒದಗಿಸುತ್ತಿದ್ದವನು ಬೀವರ್. ವಿಲೋ ತೊಗಟೆ ತಿಂದು, ಕೊಂಬೆಗಳಿಂದ ಹೊಳೆಗೆ ಒಡ್ಡು ಕಟ್ಟುವ ಪ್ರಾಣಿ. ಒಡ್ಡಿನ ಹಿಂದೆ ನೀರು ಹರಡಿ ನಿಲ್ಲುತ್ತದೆ, ಸುತ್ತಲಿನ ಅಂತರ್ಜಲ ಮೇಲೇರುತ್ತದೆ, ವಿಲೋ ಹಬ್ಬುತ್ತದೆ. ಕಡಿದ ಬುಡದಿಂದಲೂ ವಿಲೋ ಮತ್ತೆ ಚಿಗುರುತ್ತದೆ. ಒಬ್ಬರನ್ನೊಬ್ಬರು ಸಾಕಿದ ಹಾಗೆ.

ಕವುನೀಚಿಯಲ್ಲಿ ಈ ನಂಟು ಕಡಿದುಹೋಯಿತು. ಎಲ್ಕ್ ಎಂಬ ದೊಡ್ಡ ಜಿಂಕೆಗಳು ಚಿಗುರು ಮೇಯ್ದವು. 1978ರ ಸುಮಾರಿಗೆ ನೆರೆಯ ಬಯಲಿಗೆ ತಂದುಬಿಟ್ಟ ಮೂಸ್‌ಗಳೂ, ಅಂದರೆ ಎಲ್ಕ್‌ಗಿಂತಲೂ ದೊಡ್ಡ ಜಿಂಕೆಗಳೂ, ಇತ್ತ ಬಂದವು. ಜೊತೆಗೆ ಬರ. ಅಲ್ಲಿನ ಒಂದು ಜಾತಿಯ ಮರಕುಟಿಗ ರಸ ಕುಡಿಯಲು ವಿಲೋ ಕಾಂಡದಲ್ಲಿ ತೂತು ಕೊರೆಯುತ್ತದೆ. ಆ ಗಾಯದಲ್ಲಿ ಶಿಲೀಂಧ್ರ ಸೇರಿ ಎತ್ತರದ ಕಾಂಡ ಒಣಗುತ್ತದೆ. ಬುಡದಿಂದ ಬರುವ ಹೊಸ ಚಿಗುರು ಮೂಸ್ ಬಾಯಿಗೆ ಎಟಕುತ್ತದೆ. ಮೇಲೇಳಲು ಗಿಡಕ್ಕೆ ಬಿಡುವೇ ಇಲ್ಲ! ತಿನ್ನಲು, ಕಟ್ಟಲು ಎತ್ತರದ ವಿಲೋ ಇಲ್ಲದೆ ಬೀವರ್ ಹೋಯಿತು. ಒಡ್ಡುಗಳು ಒಡೆದವು. ಹೊಳೆ ತನ್ನ ಪಾತ್ರವನ್ನೇ ಕೊರೆದುಕೊಂಡು ಕೆಳಗಿಳಿಯಿತು, ನೆಲ ಒಣಗಿತು.

ಮೇಯುವ ಪ್ರಾಣಿಗಳನ್ನು ತಡೆದರೆ ಸಾಕಲ್ಲವೇ? ಅಮೆರಿಕದ್ದೇ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ 1995ರಲ್ಲಿ ಎಲ್ಕ್‌ಗಳನ್ನು ಬೇಟೆಯಾಡುವ ತೋಳಗಳನ್ನು ಮರಳಿ ತಂದಾಗ ಹಲವರು ಹಾಗೇ ನಂಬಿದ್ದರು. ಅಲ್ಲಿ 2001ರಲ್ಲಿ ಒಂದು ಪ್ರಯೋಗ ಶುರುವಾಯಿತು. ಕೆಲವು ಕಡೆ ಬರೀ ಬೇಲಿ, ಕೆಲವು ಕಡೆ ಬರೀ ಒಡ್ಡು, ಕೆಲವು ಕಡೆ ಎರಡೂ. ಹತ್ತು ವರ್ಷದ ನಂತರ ಎರಡೂ ಇದ್ದ ಕಡೆ ಮಾತ್ರ ವಿಲೋ ಎಲ್ಕ್ ಬಾಯಿಗೆ ಸಿಗದ ಎತ್ತರ, ಅಂದರೆ ಎರಡು ಮೀಟರ್, ದಾಟಿತ್ತು. ತೋಳ ಬಂದರೆ ಹೊಳೆಯೂ ಸರಿಹೋಗುತ್ತದೆ ಎಂಬ ಕಥೆ ಚೆಂದವಾಗಿದೆ, ನನಗೂ ಇಷ್ಟ. ಆದರೆ ಇಳಿದುಹೋದ ನೀರನ್ನು ತೋಳ ಮೇಲೆತ್ತಲಾರದು.

ಕವುನೀಚಿಯಲ್ಲಿ ಈಗ ಎರಡನ್ನೂ ಮಾಡುತ್ತಿದ್ದಾರೆ. ಗೂಟ, ಕೊಂಬೆಗಳಿಂದ ಬೀವರ್ ಕಟ್ಟಿದಂಥದೇ ಒಡ್ಡು ಕಟ್ಟುತ್ತಾರೆ, ಸುತ್ತ ಎತ್ತರದ ಬೇಲಿ ಹಾಕುತ್ತಾರೆ. ಎಲ್ಕ್, ಮೂಸ್ ದಾಟದ ಬೇಲಿ. ಅದನ್ನು ನೆಲಕ್ಕೆ ತಾಗಿಸುವುದಿಲ್ಲ. ಬೀವರ್ ನುಸುಳಿ ಬರುವಷ್ಟು ಜಾಗ ಕೆಳಗೆ ಬಿಟ್ಟಿರುತ್ತಾರೆ.