ಪೇರಿಂಗ್ ಬೇರೆ, ಕನೆಕ್ಷನ್ ಬೇರೆ

"ಹೆಡ್‌ಸೆಟ್‌ನ ಲ್ಯಾಪ್‌ಟಾಪಿಗೆ ದಿನಾ ಪೇರ್ ಮಾಡಬೇಕು, ಸಾಕಾಗಿಹೋಗಿದೆ" ಎನ್ನುವ ದೂರನ್ನು ಪದೇಪದೇ ಕೇಳುತ್ತೇವೆ. ದಿನಾ ಮಾಡುತ್ತಿರುವುದು ಪೇರ್ ಅಲ್ಲ, ಕನೆಕ್ಟ್. ಬ್ಲೂಟೂತ್ ವಿಷಯದಲ್ಲಿ ಈ ಎರಡನ್ನು ಕಲಸಿದರೆ ರಿಪೇರಿಯೂ ತಪ್ಪು ಜಾಗದಲ್ಲೇ ನಡೆಯುತ್ತದೆ.

ಪೇರಿಂಗ್‌ನಲ್ಲಿ ಎರಡು ಸಾಧನಗಳು ಸೇರಿ ಒಂದು ಗುಪ್ತ ಕೀ ಸಿದ್ಧಮಾಡಿಕೊಂಡು, ಅದನ್ನು ತಂತಮ್ಮಲ್ಲಿ ಉಳಿಸಿಟ್ಟುಕೊಳ್ಳುತ್ತವೆ. ಹಿಂದೆ ಇದಕ್ಕೆ 0000 ಅಥವಾ 1234 ಒತ್ತಬೇಕಿತ್ತು. 2007ರ ಬ್ಲೂಟೂತ್ 2.1ರಿಂದೀಚೆಗೆ ಎರಡೂ ಪರದೆಗಳಲ್ಲಿ ಆರಂಕಿಯ ಒಂದೇ ಸಂಖ್ಯೆ ಇದೆಯೇ ಎಂದು ನೋಡಿ ಒಪ್ಪಿದರಾಯಿತು. ಪರದೆಯಿಲ್ಲದ ಹೆಡ್‌ಸೆಟ್‌ಗೆ ಅದೂ ಬೇಡ. ಆ ಕೀ ಬಳಸಿ ಆಗಿನ ಮಟ್ಟಿಗೆ ಕೊಂಡಿ ಹಾಕಿಕೊಳ್ಳುವುದು ಕನೆಕ್ಷನ್.

ವಿಂಡೋಸ್ ಪಟ್ಟಿಯಲ್ಲಿ ಹೆಡ್‌ಸೆಟ್ ಹೆಸರಿನ ಕೆಳಗೆ 'ಪೇರ್ಡ್' ಎಂದಷ್ಟೇ ಇದ್ದರೆ ವಿಂಡೋಸ್ ಬಳಿ ಕೀ ಇದೆ, ಕೊಂಡಿ ಇಲ್ಲ ಎಂದರ್ಥ. ಹೆಚ್ಚಾಗಿ ಹೆಡ್‌ಸೆಟ್ ಪಕ್ಕದ ಫೋನಿಗೆ ಅಂಟಿಕೊಂಡಿರುತ್ತದೆ. ಫೋನಿನ ಬ್ಲೂಟೂತ್ ಆಫ್ ಮಾಡಿ 'ಕನೆಕ್ಟ್' ಒತ್ತಿ. ಇಷ್ಟಕ್ಕೆಲ್ಲ 'ರಿಮೂವ್ ಡಿವೈಸ್' ಒತ್ತಲು ಹೇಳಬೇಡಿ, ದಯವಿಟ್ಟು. ಹೆಡ್‌ಸೆಟ್ ರೀಸೆಟ್ ಆಗಿ ಅದರ ಕಡೆಯ ಕೀ ಅಳಿಸಿಹೋಗಿದ್ದರೆ ಮಾತ್ರ ರಿಮೂವ್ ಮಾಡಿ, ಹೊಸದಾಗಿ ಪೇರ್ ಮಾಡಬೇಕು. ಆಗಲೂ ಹೆಡ್‌ಸೆಟ್ ಆನ್ ಮಾಡಿದರೆ ಸಾಲದು. ಪೇರಿಂಗ್ ಮೋಡ್‌ನ ದೀಪ ಮಿನುಗುವ ತನಕ ಬಟನ್ ಒತ್ತಿ ಹಿಡಿಯಬೇಕು. ಇದನ್ನು ಬಿಟ್ಟು 'ಪಟ್ಟಿಯಲ್ಲೇ ಬರುತ್ತಿಲ್ಲ' ಎಂದು ಡ್ರೈವರ್ ಕಿತ್ತು ಹಾಕುವುದು ವ್ಯರ್ಥ.

ಲಿನಕ್ಸ್‌ನಲ್ಲಿ ಆಜ್ಞೆ ಟೈಪ್ ಮಾಡಿ ಬ್ಲೂಟೂತ್ ನಿರ್ವಹಿಸುವ ಬ್ಲೂಟೂತ್‌ಸಿಟಿಎಲ್ (bluetoothctl) ಈ ಭೇದವನ್ನು ಚೆನ್ನಾಗಿ ಕಾಪಾಡಿದೆ: ಪೇರ್, ಟ್ರಸ್ಟ್, ಕನೆಕ್ಟ್ ಮೂರೂ ಬೇರೆಬೇರೆ ಆಜ್ಞೆಗಳು. ಟ್ರಸ್ಟ್ ಕೊಡದೆ ಬಿಟ್ಟರೆ ರೀಬೂಟ್ ಆದಮೇಲೆ ಕೀಬೋರ್ಡ್ ತಾನಾಗಿ ಸೇರಿಕೊಳ್ಳದೆ ಹೋಗಬಹುದು.

ಪೇರಿಂಗ್ ಎಂದರೇನು ಎಂಬುದು ಡ್ಯುಯಲ್ ಬೂಟ್‌ನಲ್ಲಿ, ಅಂದರೆ ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಇದ್ದಾಗ, ಕಣ್ಣಿಗೇ ಕಾಣುತ್ತದೆ. ವಿಂಡೋಸ್, ಲಿನಕ್ಸ್ ಎರಡೂ ಬಳಸುವುದು ಒಂದೇ ಅಡಾಪ್ಟರ್, ಒಂದೇ ವಿಳಾಸ. ಹಾಗಾಗಿ ಹೆಡ್‌ಸೆಟ್‌ಗೆ ಎರಡೂ ಒಂದೇ ಕಂಪ್ಯೂಟರ್. ಲಿನಕ್ಸ್‌ನಲ್ಲಿ ಪೇರ್ ಮಾಡಿದೊಡನೆ ಹೊಸ ಕೀ ಹಳೆಯದರ ಮೇಲೆ ಕೂರುತ್ತದೆ. ವಿಂಡೋಸ್ ಬಳಿಯ ಕೀ ಕೆಲಸಕ್ಕೆ ಬಾರದು. ಮತ್ತೆ ಮತ್ತೆ ಪೇರ್ ಮಾಡಿದರೆ ತೊಂದರೆ ಅತ್ತಿಂದಿತ್ತ ಓಡಾಡುತ್ತದೆ, ಅಷ್ಟೆ. ಎರಡೂ ಕಡೆ ಒಂದೇ ಕೀ ಇರುವಂತೆ ಮಾಡುವುದೇ ಪರಿಹಾರ. ಮೊದಲು ಲಿನಕ್ಸ್‌ನಲ್ಲಿ, ಆಮೇಲೆ ವಿಂಡೋಸ್‌ನಲ್ಲಿ ಪೇರ್ ಮಾಡಿ, ವಿಂಡೋಸ್‌ನ ಕೀಯನ್ನು ಲಿನಕ್ಸ್‌ಗೆ ನಕಲು ಮಾಡಬೇಕು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಬಿಟಿಎಚ್‌ಪೋರ್ಟ್ (BTHPORT) ಸರ್ವೀಸ್‌ನ ಪ್ಯಾರಾಮೀಟರ್ಸ್ ಒಳಗಿನ 'ಕೀಸ್'ನಲ್ಲಿ 16 ಬೈಟಿನ ಕೀ ಇರುತ್ತದೆ. ಅಡ್ಮಿನ್ ಆಗಿ ತೆರೆದರೂ ಅದು ಕಾಣುವುದಿಲ್ಲ. ಮೈಕ್ರೋಸಾಫ್ಟ್‌ನ ಪಿಎಸ್‌ಎಕ್ಸೆಕ್ (PsExec) ಎಂಬ ಸಲಕರಣೆಯ ಮೂಲಕ ಸಿಸ್ಟಂ ಖಾತೆಯಲ್ಲಿ ರಿಜಿಸ್ಟ್ರಿ ಎಡಿಟರ್ ತೆರೆಯಬೇಕು. ಲಿನಕ್ಸ್‌ಗೆ ಮರಳಿ, 'ವಾರ್' (var) ಫೋಲ್ಡರ್ ಒಳಗಿನ 'ಲಿಬ್' (lib), ಅದರೊಳಗೆ 'ಬ್ಲೂಟೂತ್', ಅಲ್ಲಿ ಅಡಾಪ್ಟರ್ ವಿಳಾಸ, ಹೆಡ್‌ಸೆಟ್ ವಿಳಾಸ ಹೀಗೆ ಸಾಗಿ 'ಇನ್ಫೋ' ಕಡತ ತೆರೆಯಿರಿ. 'ಲಿಂಕ್‌ಕೀ' ಭಾಗದ ಕೀ ಜಾಗದಲ್ಲಿ ವಿಂಡೋಸ್‌ನ ಆ ಕೀಯ 32 ಹೆಕ್ಸ್ ಅಕ್ಷರಗಳನ್ನು (0ಯಿಂದ 9, Aಯಿಂದ F) ನಡುವೆ ಅಂತರ, ಅಲ್ಪವಿರಾಮವಿಲ್ಲದೆ ಬರೆದು ಬ್ಲೂಟೂತ್ ಸರ್ವೀಸ್ ರೀಸ್ಟಾರ್ಟ್ ಮಾಡಿ.

ಕಡಿಮೆ ವಿದ್ಯುತ್ ಬಳಸುವ ಬ್ಲೂಟೂತ್ ಬಗೆಯಾದ 'ಲೋ ಎನರ್ಜಿ'ಯ ಮೌಸ್‌ಗಳಿಗೆ ಇಷ್ಟು ಸಾಲದು. ಅವುಗಳಲ್ಲಿ ಒಂದಕ್ಕಿಂತ ಹೆಚ್ಚು ಕೀಗಳಿರುತ್ತವೆ. ಜೊತೆಗೆ ಕೆಲವು ಮಾದರಿಗಳು ಪ್ರತಿ ಪೇರಿಂಗ್‌ಗೂ ತಮ್ಮ ವಿಳಾಸವನ್ನೇ ಬದಲಿಸುತ್ತವೆ. ಆಗ ಲಿನಕ್ಸ್‌ನಲ್ಲಿ ಆ ಮೌಸ್‌ನ ಫೋಲ್ಡರ್ ಹೆಸರನ್ನೂ ಹೊಸ ವಿಳಾಸಕ್ಕೆ ಬದಲಿಸಬೇಕು.