ಮಳೆ ಬಿದ್ದರೆ ಮಣ್ಣು ಕೂರುತ್ತದೆಯೇ?

ಪ್ರಶ್ನೆ: ನಮ್ಮ ಓಣಿಯಲ್ಲಿ ನೀರಿನ ಪೈಪ್ ಹಾಕಲು ರಸ್ತೆ ಅಗೆದು ಮುಚ್ಚಿದರು. ‘ಒಂದು ಮಳೆಗಾಲ ಕಳೆಯಲಿ, ಮಣ್ಣು ಕೂತ ಮೇಲೆ ಡಾಂಬರು ಹಾಕ್ತೇವೆ’ ಅಂದರು. ಹಾಗೇ ಮಾಡಿದರು. ಆದರೂ ಪೈಪ್ ಹೋದ ಗೆರೆಯಲ್ಲೇ ರಸ್ತೆ ಮತ್ತೆ ತಗ್ಗಾಗಿದೆ. ಯಾಕೆ?

ಉತ್ತರ: ಈ ಸಲ ಪ್ರಶ್ನೆ ಬಂದಿರುವುದು ಶಿರಸಿಯಿಂದ. ಕುಮಟಾದವರೂ ಕೇಳಿದ್ದಾರೆ, ಕಾರವಾರದವರೂ ಕೇಳಿದ್ದಾರೆ. ಕೆಲವರದ್ದು ನೀರಿನ ಪೈಪ್, ಕೆಲವರದ್ದು ಕೇಬಲ್, ಅಷ್ಟೇ ವ್ಯತ್ಯಾಸ. ಮಳೆ ನಿಂತು ಅಕ್ಟೋಬರ್ ಬಂತೆಂದರೆ ಇದೇ ಪ್ರಶ್ನೆ, ಇದೇ ಉತ್ತರ. ಇನ್ನೊಮ್ಮೆ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನಿಮ್ಮ ರಸ್ತೆಯ ಡಾಂಬರಿಗೆ ಬೈಯಬೇಡಿ. ಅದರ ತಪ್ಪೇನೂ ಇಲ್ಲ. ಕೆಳಗಿನ ಮಣ್ಣನ್ನು ಯಾರೂ ಬಡಿದು ಗಟ್ಟಿ ಮಾಡಿಲ್ಲ. ಇಡೀ ಕಥೆ ಇಷ್ಟೇ.

ಅಗೆದ ಮಣ್ಣು ಹಿಗ್ಗುತ್ತದೆ. ತಲೆಮಾರುಗಳಿಂದ ಒತ್ತಿ ಕೂತಿದ್ದ ನೆಲ ಜೆಸಿಬಿಯ ಹಲ್ಲಿಗೆ ಸಿಕ್ಕಿ ಹೆಂಟೆಯಾಗುತ್ತದೆ. ಹೆಂಟೆಗಳ ನಡುವೆ ಗಾಳಿ ಸೇರುತ್ತದೆ. ನಮ್ಮ ಕಡೆಯ ಕೆಂಪು ಮಣ್ಣು ಹೀಗೆ ಅಂದಾಜು ಕಾಲು ಭಾಗ ಜಾಸ್ತಿ ಜಾಗ ಹಿಡಿಯುತ್ತದೆ. ಅದಕ್ಕೇ ಮುಚ್ಚಿದ ದಿನ ಮೇಲೆ ದಿಬ್ಬ ಇರುತ್ತದೆ. ಆ ದಿಬ್ಬ ನೋಡಿ ‘ಮಣ್ಣು ಸಾಕಷ್ಟು ಹಾಕಿದ್ದಾರೆ’ ಅಂತ ಖುಷಿಪಡುವವರಿದ್ದಾರೆ. ಹಾಕಿದ್ದರಲ್ಲಿ ಬಹಳಷ್ಟು ಗಾಳಿ, ಮಾರಾಯ್ರೆ!

ಸಣ್ಣ ಲೆಕ್ಕ ಮಾಡೋಣ. ಒಂದು ಮಣ್ಣನ್ನು ಪ್ರಯೋಗಾಲಯದಲ್ಲಿ ನಿಯಮದ ಪ್ರಕಾರ ಬಡಿದಾಗ ಬರುವ ಗಟ್ಟಿತನವನ್ನು 100 ಎಂದು ಹಿಡಿಯುತ್ತಾರೆ. ರಸ್ತೆಯ ಅಡಿಗೆ ಬರುವ ಮಣ್ಣು ಸಾಮಾನ್ಯವಾಗಿ 95ರ ಮೇಲಿರಬೇಕು. ಸುಮ್ನೆ ತಳ್ಳಿ ಮುಚ್ಚಿದ ಮಣ್ಣು 85ರಲ್ಲಿದೆ ಎಂದುಕೊಳ್ಳಿ. 1 ಮೀಟರ್ ದಪ್ಪಕ್ಕೆ ತುಂಬಿದ ಆ ಮಣ್ಣು ಮುಂದೆ ಯಾವತ್ತೋ 95ಕ್ಕೆ ಬಂದರೆ 10 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿಯೇ ಕೆಳಗಿಳಿಯುತ್ತದೆ. ಸ್ಕೂಟರಿನ ಮುಂದಿನ ಚಕ್ರಕ್ಕೆ 10 ಸೆಂ.ಮೀ. ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಈಗ ಆ ಮಾತಿಗೆ ಬರುತ್ತೇನೆ: ‘ಒಂದು ಮಳೆಗಾಲ ಕಳೆದರೆ ಮಣ್ಣು ತಾನೇ ಕೂರುತ್ತದೆ.’ ಇದನ್ನು ಗುತ್ತಿಗೆದಾರರು ಹೇಳುತ್ತಾರೆ, ಪಕ್ಕದ ಮನೆಯವರು ಹೇಳುತ್ತಾರೆ, ಓದಿದವರೂ ಹೇಳುತ್ತಾರೆ. ಒಮ್ಮೊಮ್ಮೆ ಎಂಜಿನಿಯರುಗಳ ಬಾಯಲ್ಲೂ ಕೇಳಿದ್ದೇನೆ. ಅದಕ್ಕೇ ಇದು ಸಾಯುವುದಿಲ್ಲ.

ಶಿರಸಿ ಕಡೆಯವರಿಗೆ ನಾನು ಮೊದಲು ಕೇಳುವುದು ಅಂಗಳದ ವಿಷಯ. ಅಡಿಕೆ ಕೊಯ್ಲಿಗೆ ಮುಂಚೆ ಅಂಗಳ ಮಾಡುತ್ತೀರಿ ಅಲ್ವಾ? ಹುಲ್ಲು ಹೆರೆದು, ಮಣ್ಣು ಹಾಕಿ, ನೀರು ಚಿಮುಕಿಸಿ, ಬಡಿದು ಬಡಿದು ಗಟ್ಟಿ ಮಾಡಿ, ಆಮೇಲೆ ಸಗಣಿ ಸಾರಿಸುತ್ತೀರಿ. ನಾಲ್ಕು ತಿಂಗಳು ಆ ಅಂಗಳದ ಮೇಲೆ ಮಳೆ ಹೊಯ್ದಿರುತ್ತದೆ. ಮಳೆಯೇ ಮಣ್ಣನ್ನು ಗಟ್ಟಿ ಮಾಡುವುದಾಗಿದ್ದರೆ ಬಡಿಯುವ ಕೆಲಸ ಯಾಕೆ ಬೇಕಿತ್ತು? ಮನೆಯ ಅಂಗಳಕ್ಕೆ ಗೊತ್ತಿರುವ ಈ ವಿದ್ಯೆ ಗೇಟು ದಾಟಿ ರಸ್ತೆಗೆ ಹೋದ ಕೂಡಲೇ ಮರೆತುಹೋಗುತ್ತದೆ.

ಮಳೆನೀರು ಟ್ರೆಂಚಿನೊಳಗೆ, ಅಂದರೆ ಪೈಪಿಗಾಗಿ ಅಗೆದು ಮುಚ್ಚಿದ ಕಾಲುವೆಯೊಳಗೆ, ನಿಜವಾಗಿ ಏನು ಮಾಡುತ್ತದೆ? ಮೇಲಿನ ಪದರದ ಹೆಂಟೆಗಳನ್ನು ಕರಗಿಸುತ್ತದೆ. ಅಷ್ಟು ಭಾಗ ಕುಸಿಯುತ್ತದೆ, ಕಣ್ಣಿಗೂ ಕಾಣುತ್ತದೆ. ‘ನೋಡಿ, ಕೂತಿತು’ ಅನ್ನುವುದು ಇದನ್ನೇ. ಕೆಳಗೆ ಒಂದೊಂದು ಕಡೆ ಒಂದೊಂದು ಸ್ಥಿತಿ. ಎಲ್ಲೋ ಹೆಂಟೆ ಕರಗಿದೆ, ಎಲ್ಲೋ ಚಿರೆಕಲ್ಲಿನ ದೊಡ್ಡ ತುಂಡುಗಳು ಒಂದಕ್ಕೊಂದು ಆತು ನಿಂತು ನಡುವೆ ಪೊಳ್ಳು ಉಳಿದಿದೆ. ಅಂಟು ಜಾಸ್ತಿ ಇರುವ ಮಣ್ಣಾದರೆ ರಾಡಿಯಾಗಿ, ಬೇಸಿಗೆಯಲ್ಲಿ ಒಣಗಿ, ಬಿರುಕು ಬಿಡುತ್ತದೆ. ಇದರ ಮೇಲೆ ಡಾಂಬರು ಹಾಕಿದರೆ ಮುಂದಿನ ಮಳೆಯಲ್ಲಿ ಉಳಿದ ಪೊಳ್ಳುಗಳು ಒಂದೊಂದಾಗಿ ಇಳಿಯುತ್ತವೆ. ಓದುಗರ ರಸ್ತೆಯಲ್ಲಿ ಆಗಿರುವುದು ಇದೇ.

ಇಳಿಜಾರಿನ ರಸ್ತೆಯಾದರೆ ಇನ್ನೂ ಕಷ್ಟ. ಎರಡೂ ಬದಿಯ ಹಳೆಯ ನೆಲ ಗಟ್ಟಿ, ನಡುವಿನ ಟ್ರೆಂಚ್ ಮಾತ್ರ ಸಡಿಲ. ನೀರು ಎಲ್ಲಿ ಸುಲಭವೋ ಅಲ್ಲಿ ಹೋಗುತ್ತದೆ. ಸಡಿಲ ಮಣ್ಣಿನೊಳಗೇ ಪೈಪಿನ ಗುಂಟ ಹರಿದು ಸಣ್ಣ ಕಣಗಳನ್ನು ಹೊತ್ತುಕೊಂಡು ಕೆಳಗಿನ ಗಟಾರಕ್ಕೆ ಬಿಡುತ್ತದೆ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಷ್ಟು ನೀರಿಗೆ ಸಡಿಲ ಮಣ್ಣನ್ನು ತೆರೆದಿಟ್ಟು ‘ಕೂರಲಿ’ ಅಂದರೆ ಅದು ಕೂರುವುದಿಲ್ಲ, ಎದ್ದು ಹೋಗುತ್ತದೆ. ಪಕ್ಕದ ಹಳೆಯ ಡಾಂಬರಿನ ಅಂಚಿಗೂ ಆಸರೆ ತಪ್ಪಿ ಅದೂ ಮುರಿಯುತ್ತದೆ. ಎರಡಡಿಯ ಟ್ರೆಂಚ್ ವರ್ಷ ಕಳೆಯುವಷ್ಟರಲ್ಲಿ ನಾಲ್ಕಡಿಯ ಹೊಂಡವಾಗುವುದು ಹೀಗೆ.

ಈ ಮಾತಿನಲ್ಲಿ ಅರ್ಧ ಸತ್ಯವೂ ಇದೆ. ಬರೀ ಮರಳಿಗೆ ನೀರು ಬಿಟ್ಟರೆ ಕಣಗಳು ಸರಿದು ಒತ್ತಾಗಿ ಕೂರುತ್ತವೆ, ನೀರು ಬೇಗ ಇಳಿದು ಹೋಗುತ್ತದೆ. ಕಾರವಾರದ ಕಡಲ ಬದಿಯ ಮರಳು ನೆಲದವರು ‘ನಮ್ಮಲ್ಲಿ ಕೂರುತ್ತಲ್ಲ’ ಅನ್ನುವುದಕ್ಕೆ ಇದೇ ಕಾರಣ. ಆದರೆ ಅಲ್ಲೂ ನಡುಗಿಸುವ ಯಂತ್ರ ಮಾಡುವಷ್ಟು ಕೆಲಸವನ್ನು ನೀರು ಮಾಡುವುದಿಲ್ಲ. ಮಳೆಗಾಲದಲ್ಲಿ ಆ ಕಡೆ ಸ್ವಲ್ಪ ಅಗೆದರೆ ಸಾಕು, ನೀರು ಸಿಗುತ್ತದೆ. ನೀರು ನಿಂತ ಮರಳಿಗೆ ಮೇಲಿಂದ ಇನ್ನಷ್ಟು ನೀರು ಸುರಿದು ಏನು ಪ್ರಯೋಜನ? ಮರಳಿನ ಅನುಭವವನ್ನು ಘಟ್ಟದ ಮೇಲಿನ ಕೆಂಪು ಮಣ್ಣಿಗೆ ಅನ್ವಯಿಸುವುದಂತೂ ಪೂರ್ತಿ ತಪ್ಪು.

ಮಣ್ಣಿಗೆ ನೀರು ಬೇಕು ಅನ್ನುವುದು ನಿಜ. ಎಷ್ಟು ಅನ್ನುವುದು ಮುಖ್ಯ. ಲಾಸ್ ಏಂಜಲಿಸ್‌ನಲ್ಲಿ ಅಣೆಕಟ್ಟೆಯ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಪ್ರಾಕ್ಟರ್ 1933ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದರು. ಪ್ರತಿ ಮಣ್ಣಿಗೂ ಒಂದು ಹದದ ತೇವ ಇದೆ. ಆ ತೇವದಲ್ಲಿ ಬಡಿದರೆ ಅತಿ ಗಟ್ಟಿ. ಅದಕ್ಕಿಂತ ಒಣಗಿದ್ದರೂ ಸರಿಯಾಗಿ ಕೂರುವುದಿಲ್ಲ, ಒದ್ದೆಯಾಗಿದ್ದರೂ ಕೂರುವುದಿಲ್ಲ. ಇಂದಿಗೂ ಪ್ರಯೋಗಾಲಯಗಳಲ್ಲಿ ಅವರ ಹೆಸರಿನ ಪರೀಕ್ಷೆಯನ್ನೇ ಮಾಡುತ್ತಾರೆ. ಸೈಟಿನಲ್ಲಿ ಅಂದಾಜಿಗೆ ಒಂದು ಮುಷ್ಟಿ ಮಣ್ಣು ಹಿಡಿದು ಒತ್ತಿ. ಉಂಡೆ ಕಟ್ಟಬೇಕು, ಕೈಗೆ ರಾಡಿ ಅಂಟಬಾರದು. ಜುಲೈ ತಿಂಗಳ ಮಳೆ ಈ ಹದ ನೋಡಿಕೊಂಡು ಸುರಿಯುವುದಿಲ್ಲ ಅಲ್ವಾ?

‘ಲಾರಿ, ಬಸ್ಸು ಓಡಾಡಿದರೆ ಕೂರುತ್ತದೆ’ ಅನ್ನುವುದು ಈ ಸುಳ್ಳಿನ ತಮ್ಮ. ಚಕ್ರದ ಒತ್ತಡ ಮೇಲಿನ ಒಂದೆರಡು ಅಡಿಯೊಳಗೆ ಬಹಳಷ್ಟು ಹಂಚಿ ಹೋಗುತ್ತದೆ. ಅದೂ ಚಕ್ರ ಹೋದ ಗೆರೆಯಲ್ಲಿ ಮಾತ್ರ. ಮೀಟರ್ ಆಳದ ತಳಕ್ಕೆ ಅದು ಲೆಕ್ಕಕ್ಕೇ ಇಲ್ಲ.

ಹಾಗಾದರೆ ಸರಿಯಾಗಿ ಮುಚ್ಚುವುದು ಹೇಗೆ? ಇದರಲ್ಲಿ ಗುಟ್ಟೇನೂ ಇಲ್ಲ. ಪೈಪಿನ ಅಡಿಗೆ ಮತ್ತು ಸುತ್ತ ಮರಳು ಅಥವಾ ಕಲ್ಲಿಲ್ಲದ ನಯವಾದ ಮಣ್ಣು. ಪೈಪಿನ ಮೇಲೆ ಸುಮಾರು 30 ಸೆಂ.ಮೀ.ವರೆಗೆ ಕೈಯಲ್ಲೇ ಹಗುರವಾಗಿ ಬಡಿಯಬೇಕು, ಇಲ್ಲದಿದ್ದರೆ ಪೈಪೇ ಒಡೆಯುತ್ತದೆ. ಅಲ್ಲಿಂದ ಮೇಲೆ ಸುಮಾರು 15 ಸೆಂ.ಮೀ.ಗೊಂದು ಪದರ. ಪ್ರತಿ ಪದರಕ್ಕೂ ಕಂಪ್ಯಾಕ್ಟರ್, ಅಂದರೆ ಮಣ್ಣು ಬಡಿಯುವ ಯಂತ್ರ. ಪೂರ್ತಿ ತುಂಬಿ ಕೊನೆಗೆ ಮೇಲೊಂದು ಸಲ ರೋಲರ್ ಓಡಿಸಿದರೆ ಮೇಲಿನ ಪದರ ಮಾತ್ರ ಗಟ್ಟಿಯಾಗುತ್ತದೆ, ಕೆಳಗಿನದು ಹಾಗೇ ಇರುತ್ತದೆ. ರೋಲರ್ ನೋಡಿ ಸಮಾಧಾನಪಡಬೇಡಿ.

ಮಣ್ಣಿನ ಮೇಲೆ ಜಲ್ಲಿಯ ಪದರ, ಅದಕ್ಕೂ ಬಡಿತ. ಆಮೇಲೆ ಡಾಂಬರು. ಇಲ್ಲಿ ಬಹಳ ಮಂದಿ ಬಿಡುವ ಒಂದು ಹೆಜ್ಜೆ ಇದೆ. ಡಾಂಬರು ಹಾಕುವ ಮುಂಚೆ ಟ್ರೆಂಚಿನ ಎರಡೂ ಬದಿಯ ಹಳೆಯ ಡಾಂಬರನ್ನು ಇನ್ನೂ 15ರಿಂದ 30 ಸೆಂ.ಮೀ. ನೇರವಾಗಿ ಕತ್ತರಿಸಿ ತೆಗೆಯಬೇಕು. ಆಗ ಹೊಸ ಡಾಂಬರಿನ ಅಂಚು ಅಲುಗದ ಹಳೆಯ ನೆಲದ ಮೇಲೆ ಕೂರುತ್ತದೆ. ಇಲ್ಲದಿದ್ದರೆ ಜೋಡಣೆಯ ಗೆರೆ ಸರಿಯಾಗಿ ಸಡಿಲ ಮಣ್ಣಿನ ತುದಿಗೇ ಬರುತ್ತದೆ, ಮೊದಲ ಬಿರುಕು ಅಲ್ಲೇ.

‘ಮಳೆಯಲ್ಲಿ ಡಾಂಬರು ಹಾಕಬಾರದಲ್ಲ ಸರ್?’ ಹೌದು, ಹಾಕಬಾರದು. ಒದ್ದೆ ಜಲ್ಲಿಗೆ ಡಾಂಬರು ಹಿಡಿಯುವುದಿಲ್ಲ. ಹಾಗಂತ ಮಣ್ಣನ್ನು ಸಡಿಲ ಬಿಡಲು ಅದು ಕಾರಣವಲ್ಲ. ಮೇ ತಿಂಗಳಲ್ಲೇ ಪದರ ಪದರವಾಗಿ ಬಡಿದು, ಮೇಲೆ ಜಲ್ಲಿ ಹಾಕಿ ರಸ್ತೆ ಮಟ್ಟಕ್ಕೆ ತಂದು, ಡಾಂಬರು ಮಾತ್ರ ಮಳೆ ಮುಗಿದ ಮೇಲೆ ಹಾಕಲಿ. ಅಷ್ಟು ದಿನಕ್ಕೆ ತಾತ್ಕಾಲಿಕವಾಗಿ ಕೋಲ್ಡ್ ಮಿಕ್ಸ್ (ಬಿಸಿ ಮಾಡದೇ ಹಾಕುವ ಡಾಂಬರು-ಜಲ್ಲಿ ಮಿಶ್ರಣ) ಹಾಕಬಹುದು. ಮಳೆಗಾಲ ಮುಗಿಯಲಿ ಅಂತ ಕಾಯಬೇಕಾದ್ದು ಡಾಂಬರು, ಮಣ್ಣಲ್ಲ. ಈ ಎರಡನ್ನು ಬೆರೆಸಿದ್ದರಿಂದಲೇ ಗೊಂದಲ ಹುಟ್ಟಿದ್ದು ಅಂತ ನನ್ನ ಅನುಮಾನ.

ಸಿಮೆಂಟ್ ರಸ್ತೆಯವರು ನಗಬೇಡಿ. ಮನೆಮನೆಗೆ ನಳ ಕೊಡುವ ಜಲಜೀವನ್ ಮಿಷನ್ 2019ರಲ್ಲಿ ಶುರುವಾದ ಮೇಲೆ ಹಳ್ಳಿಗಳ ಸಿಸಿ ರಸ್ತೆಗಳೂ ಕೊಯ್ಯಿಸಿಕೊಂಡಿವೆ. ಕಾಂಕ್ರೀಟಿನ ಗುಣವೆಂದರೆ ಅಡಿಯಲ್ಲಿ ಪೊಳ್ಳಿದ್ದರೂ ಕೆಲಕಾಲ ಸೇತುವೆಯಂತೆ ನಿಂತುಬಿಡುತ್ತದೆ. ಡಾಂಬರು ತಗ್ಗಾಗಿ ಮೊದಲೇ ಹೇಳುತ್ತದೆ, ಕಾಂಕ್ರೀಟ್ ಹೇಳದೇ ಮುರಿಯುತ್ತದೆ. ತೇಪೆ ಹಾಕಿದ ಮೇಲೆ ಕನಿಷ್ಠ 7 ದಿನ ಒದ್ದೆ ಗೋಣಿ ಹೊದಿಸಿಡಬೇಕು. ಮರುದಿನವೇ ಮೇಲೆ ಟ್ರ್ಯಾಕ್ಟರ್ ಹೋದರೆ ದೇವರೇ ಗತಿ.

ಇಷ್ಟೆಲ್ಲ ಸರಿ ಮಾಡಿದರೂ ರಸ್ತೆ ಕುಸಿದರೆ ಪೈಪಿನ ಜೋಡಣೆ ಸೋರುತ್ತಿದೆಯೇ ನೋಡಿಸಿ. ಮಳೆಯಿಲ್ಲದ ಫೆಬ್ರವರಿಯಲ್ಲೂ ಒಂದೇ ಕಡೆ ನೆಲ ಒದ್ದೆ ಇದ್ದರೆ ಅನುಮಾನವೇ ಬೇಡ. ಪೈಪಿಗೆ ಒತ್ತಡದ ನೀರು ಬಿಟ್ಟು ಪರೀಕ್ಷೆ ಮಾಡಿ ಆಮೇಲೆ ಜೋಡಣೆಗಳನ್ನು ಮುಚ್ಚುವುದು ಸರಿಯಾದ ಕ್ರಮ.

ಯಾರಿಗೆ ಹೇಳುವುದು ಅನ್ನುವುದು ರಸ್ತೆ ಯಾರದ್ದು ಅನ್ನುವುದರ ಮೇಲೆ ಹೋಗುತ್ತದೆ. ಊರೊಳಗಿನ ಓಣಿಗಳು ಹೆಚ್ಚಾಗಿ ನಗರಸಭೆ ಅಥವಾ ಪುರಸಭೆಯವು, ಹಳ್ಳಿಯ ಒಳರಸ್ತೆ ಗ್ರಾಮ ಪಂಚಾಯತಿಯದ್ದು, ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದ್ದು. ಕಾರವಾರದಿಂದ ಭಟ್ಕಳದವರೆಗಿನ ರಾಷ್ಟ್ರೀಯ ಹೆದ್ದಾರಿ 66ರ ಬಗ್ಗೆ ನಗರಸಭೆಯಲ್ಲಿ ಕೂಗಾಡಿ ಪ್ರಯೋಜನವಿಲ್ಲ. ದೂರು ಕೊಡುವುದಾದರೆ ಮಣ್ಣು ಮುಚ್ಚುವ ದಿನದ ಫೋಟೊ ಇಟ್ಟುಕೊಳ್ಳಿ. ಹೊಂಡದ ಫೋಟೊ ಎಲ್ಲರ ಹತ್ತಿರವೂ ಇರುತ್ತದೆ. ಪದರ ಹಾಕದೇ ತಳ್ಳಿದ್ದರ ಫೋಟೊ ಯಾರ ಹತ್ತಿರವೂ ಇರುವುದಿಲ್ಲ.

ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ: ಫುಟ್‌ಪಾತಿನ ಇಂಟರ್‌ಲಾಕ್, ಅಂದರೆ ಒಂದಕ್ಕೊಂದು ಜೋಡಿಸಿ ಹಾಸುವ ಕಾಂಕ್ರೀಟ್ ಕಲ್ಲುಗಳು. ನನ್ನ ಪ್ರಕಾರ ಅಗೆಯುವ ಚಟವಿರುವ ಊರಿಗೆ ಇದಕ್ಕಿಂತ ಒಳ್ಳೆಯ ನೆಲಹಾಸು ಇಲ್ಲ. ಕಲ್ಲುಗಳನ್ನು ಎತ್ತಿ ಬದಿಗಿಟ್ಟು, ಕೇಬಲ್ ಹಾಕಿ, ಅವೇ ಕಲ್ಲುಗಳನ್ನು ಮತ್ತೆ ಜೋಡಿಸಬಹುದು. ಒಡೆಯುವುದೂ ಇಲ್ಲ, ತೇಪೆಯೂ ಕಾಣುವುದಿಲ್ಲ. ಪೈಪು, ಕೇಬಲ್ಲುಗಳನ್ನು ಆದಷ್ಟು ಫುಟ್‌ಪಾತಿನ ಅಡಿಗೇ ಹಾಕಿ ಅನ್ನುವುದು ರಸ್ತೆ ಎಂಜಿನಿಯರುಗಳ ಹಳೆಯ ಮಾತು, ಅದಕ್ಕೆ ಇದು ಸರಿಯಾಗಿ ಹೊಂದುತ್ತದೆ.

ಆದರೂ ಎತ್ತಿ ಹಾಕಿದ ಇಂಟರ್‌ಲಾಕ್ ನಮ್ಮಲ್ಲಿ ಏರುಪೇರು. ಕಾಲಿಟ್ಟರೆ ಒಂದು ಕಲ್ಲು ಅಲುಗಿ ಕೆಸರು ನೀರು ಪ್ಯಾಂಟಿಗೆ ಹಾರುತ್ತದೆ. ಅಡಿಯ ಮಣ್ಣು ಬಡಿಯದಿರುವುದು ಒಂದು ಕಾರಣ. ಇನ್ನೊಂದು, ತಗ್ಗನ್ನು ಸರಿಮಾಡಲು ಮರಳು ಸುರಿಯುವುದು. ಕಲ್ಲಿನ ಕೆಳಗೆ ಮರಳು ಮೂರ್ನಾಲ್ಕು ಸೆಂ.ಮೀ. ಮಾತ್ರ ಇರಬೇಕು. ಎಲ್ಲ ಕಡೆ ಒಂದೇ ದಪ್ಪ ಇರಬೇಕು. ಹತ್ತು ಸೆಂ.ಮೀ. ಮರಳು ಹಾಕಿ ಮಟ್ಟ ಮಾಡಿದರೆ ಆ ಮರಳೇ ಸರಿಯುತ್ತದೆ. ಕಲ್ಲು ಜೋಡಿಸಿದ ಮೇಲೆ ಸಂದುಗಳಿಗೆ ಒಣಗಿದ ಸಣ್ಣ ಮರಳು ಗುಡಿಸಿ ತುಂಬಿ, ಮೇಲೆ ಪ್ಲೇಟ್ ಕಂಪ್ಯಾಕ್ಟರ್ ಓಡಿಸಿ, ಮತ್ತೆ ಮರಳು ತುಂಬಬೇಕು. ಕಲ್ಲುಗಳು ಒಂದನ್ನೊಂದು ಬಿಗಿಹಿಡಿಯುವುದು ಈ ಸಂದಿನ ಮರಳಿನಿಂದಲೇ. ಕೊನೆಯ ಸಾಲಿನ ಪಕ್ಕದ ಅಂಚಿನ ಕಲ್ಲನ್ನು ಕೆಲಸದವರು ಕಿತ್ತಿದ್ದರೆ ಅದನ್ನು ಕಾಂಕ್ರೀಟಿನಲ್ಲಿ ಮತ್ತೆ ಕೂರಿಸಿದ್ದಾರೋ ಇಲ್ಲವೋ ನೋಡಿ. ಅದು ಸಡಿಲವಿದ್ದರೆ ಇಡೀ ಸಾಲು ಗಟಾರದ ಕಡೆಗೆ ಜರುಗುತ್ತಾ ಹೋಗುತ್ತದೆ.