‘ಯಶಸ್ವಿಯಾದರೆ ಮಾತ್ರ’ ಎಂಬ ಷರತ್ತನ್ನು ದಯವಿಟ್ಟು ಅಳಿಸಬೇಡಿ

ಲಾಗ್‌ಸ್ಟ್ಯಾಶ್ (ಸರ್ವರ್, ಅಪ್ಲಿಕೇಶನ್‌ಗಳ ಲಾಗ್ ಸಾಲುಗಳನ್ನು ಸಂಗ್ರಹಿಸಿ, ರೂಪ ಬದಲಿಸಿ ಮುಂದಕ್ಕೆ ಕಳಿಸುವ ತಂತ್ರಾಂಶ) ಬಳಸುವ ತಂಡಗಳು ತಮ್ಮ ಹೊಸಬರಿಗೆಂದು ಬರೆದುಕೊಂಡ ಕೈಪಿಡಿಗಳನ್ನು ತಿದ್ದಿಕೊಡುವುದು ನನ್ನ ಕೆಲಸದ ಒಂದು ಭಾಗ. ಕಡತ ಕೈಗೆ ಬಂದ ಕೂಡಲೇ ನಾನು ಫಿಲ್ಟರ್‌ಗಳ (ಹಾದುಹೋಗುವ ಪ್ರತಿ ದಾಖಲೆಯನ್ನು, ಅಂದರೆ ‘ಇವೆಂಟ್’ ಅನ್ನು, ತಿದ್ದುವ ಘಟಕಗಳ) ಸಾಮಾನ್ಯ ಆಯ್ಕೆಗಳ ಪುಟಕ್ಕೆ ಹೋಗಿ ಒಂದು ಷರತ್ತು ಇದೆಯೇ ಎಂದು ಹುಡುಕುತ್ತೇನೆ. ಸಾಮಾನ್ಯವಾಗಿ ಇರುವುದಿಲ್ಲ.

ಯಾವ ಫಿಲ್ಟರ್ ಪ್ಲಗಿನ್ ತೆಗೆದುಕೊಂಡರೂ ಆ್ಯಡ್ ಫೀಲ್ಡ್, ಆ್ಯಡ್ ಟ್ಯಾಗ್, ರಿಮೂವ್ ಫೀಲ್ಡ್, ರಿಮೂವ್ ಟ್ಯಾಗ್ ಎಂಬ ನಾಲ್ಕು ಆಯ್ಕೆಗಳು ಸಿಗುತ್ತವೆ. ಇವು ಇವೆಂಟ್‌ಗೆ ಫೀಲ್ಡ್ (ಹೆಸರಿರುವ ಮೌಲ್ಯ) ಅಥವಾ ಟ್ಯಾಗ್ (ಗುರುತುಚೀಟಿ) ಸೇರಿಸುತ್ತವೆ, ಇಲ್ಲವೇ ತೆಗೆಯುತ್ತವೆ. ಅಧಿಕೃತ ಕೈಪಿಡಿಯಲ್ಲಿ ಈ ನಾಲ್ಕರ ವಿವರಣೆಯೂ ‘ಈ ಫಿಲ್ಟರ್ ಯಶಸ್ವಿಯಾದರೆ’ ಎಂದೇ ಶುರುವಾಗುತ್ತದೆ. ತಂಡದ ಕೈಪಿಡಿಗೆ ಬರುವಾಗ ಅದು ಚಂದದ ಕೋಷ್ಟಕವಾಗುತ್ತದೆ: ಹೆಸರು, ಮೌಲ್ಯದ ಬಗೆ, ಡೀಫಾಲ್ಟ್, ಪಕ್ಕದಲ್ಲಿ ‘ಫೀಲ್ಡ್ ತೆಗೆದುಹಾಕುತ್ತದೆ’ ಎಂಬ ಎರಡು ಪದ. ಷರತ್ತು ಹಿಡಿಸಲು ಜಾಗವಿರಲಿಲ್ಲವಂತೆ. ‘ಅದೇ ಮಾತನ್ನು ನಾಲ್ಕು ಸಲ ಏಕೆ ಬರೆಯಬೇಕು, ಮೇಡಂ?’ ಎಂದು ಒಬ್ಬ ಎಂಜಿನಿಯರ್ ನನ್ನನ್ನು ಬಹಳ ವಿನಯದಿಂದಲೇ ಕೇಳಿದ್ದರು. ನಾಲ್ಕು ಸಲವೂ ಬರೆಯಬೇಕು. ಕೈಪಿಡಿಯನ್ನು ಯಾರೂ ಮೊದಲಿನಿಂದ ಓದುವುದಿಲ್ಲ. ಬೇಕಾದ ಆಯ್ಕೆಯ ಹೆಸರು ಹುಡುಕಿ ನೇರ ಅಲ್ಲಿಗಿಳಿಯುತ್ತಾರೆ, ಉದಾಹರಣೆಯನ್ನು ನಕಲು ಮಾಡಿಕೊಂಡು ಹೊರಡುತ್ತಾರೆ.

ಷರತ್ತು ಬಿಟ್ಟುಹೋದರೆ ಏನಾಗುತ್ತದೆ? ಒಂದು ತಂಡದ ಸಂರಚನೆಯಲ್ಲಿ, ಲಾಗ್ ಸಾಲನ್ನು ಮಾದರಿಗೆ ಹೊಂದಿಸಿ ತುಣುಕುಗಳಾಗಿಸುವ ಗ್ರಾಕ್ ಫಿಲ್ಟರ್‌ನ ಒಳಗೇ ‘ರಿಮೂವ್ ಫೀಲ್ಡ್’ ಇತ್ತು, ಮೂಲ ಸಾಲಿರುವ ಮೆಸೇಜ್ ಫೀಲ್ಡನ್ನು ತೆಗೆಯಲು. ಸಾಲು ಮಾದರಿಗೆ ಹೊಂದಿದರೆ ಬೇಕಾದ ತುಣುಕುಗಳೆಲ್ಲ ಬೇರೆ ಬೇರೆ ಫೀಲ್ಡ್‌ಗಳಿಗೆ ಹೋಗಿರುತ್ತವೆ, ಮೂಲ ಸಾಲು ಹೋದರೆ ನಷ್ಟವಿಲ್ಲ. ಹೊಂದದಿದ್ದರೆ ಮೂಲ ಸಾಲು ಉಳಿಯುತ್ತದೆ, ಜೊತೆಗೆ ಗ್ರಾಕ್ ಪಾರ್ಸ್ ಫೇಲ್ಯೂರ್ ಎಂಬ ಟ್ಯಾಗ್ ಅಂಟುತ್ತದೆ. ಅದನ್ನು ಬರೆದವರು ತಿಳಿದೇ ಬರೆದಿದ್ದರು. ಆಮೇಲೆ ಬಂದ ಅಚ್ಚುಕಟ್ಟಿನ ಮನುಷ್ಯರೊಬ್ಬರು ತಮ್ಮ ಕೈಪಿಡಿಯ ಕೋಷ್ಟಕವನ್ನು ನಂಬಿ, ಅಲ್ಲಲ್ಲಿ ಚೆದುರಿದ್ದ ‘ರಿಮೂವ್ ಫೀಲ್ಡ್’ಗಳನ್ನೆಲ್ಲ ಒಟ್ಟುಗೂಡಿಸಿ ಕೊನೆಯಲ್ಲಿ ಒಂದೇ ಮ್ಯೂಟೇಟ್ ಫಿಲ್ಟರ್‌ಗೆ (ಫೀಲ್ಡ್‌ಗಳ ಹೆಸರು, ಮೌಲ್ಯ ಬದಲಿಸುವ ಫಿಲ್ಟರ್) ಹಾಕಿದರು. ಕೋಷ್ಟಕದ ಪ್ರಕಾರ ಎರಡೂ ಒಂದೇ.

ಎರಡೂ ಒಂದೇ ಅಲ್ಲ. ಮ್ಯೂಟೇಟ್ ಹೆಚ್ಚುಕಡಿಮೆ ಯಾವಾಗಲೂ ಯಶಸ್ವಿಯಾಗುತ್ತದೆ. ಹೆಸರು ಬದಲಿಸಬೇಕಾದ ಫೀಲ್ಡ್ ಇಲ್ಲದೇ ಹೋದರೂ ಅದು ತಕರಾರು ಮಾಡುವುದಿಲ್ಲ. ಹಾಗಾಗಿ ಗ್ರಾಕ್ ಸೋತ ಸಾಲುಗಳ ಮೆಸೇಜ್ ಕೂಡ ಅಳಿಸಿಹೋಗತೊಡಗಿತು. ಕೆಲವು ಇನ್‌ಪುಟ್‌ಗಳು (ಲಾಗ್ ಒಳತರುವ ಪ್ಲಗಿನ್‌ಗಳು) ಮೂಲ ಸಾಲಿನ ಪ್ರತಿಯೊಂದನ್ನು ‘ಇವೆಂಟ್ ಒರಿಜಿನಲ್’ ಎಂಬಲ್ಲಿಯೂ ಇಡುತ್ತವೆ. ಜಾಗ ಉಳಿಸಲೆಂದು ಇವರು ಅದನ್ನೂ ಪಟ್ಟಿಗೆ ಸೇರಿಸಿದ್ದರು. ಅಪ್ಲಿಕೇಶನ್‌ನ ಹೊಸ ಆವೃತ್ತಿ ಸಮಯದ ಮುಂದೆ ಒಂದು ಚೌಕ ಆವರಣ ಸೇರಿಸಿ, ಸಾಲುಗಳು ಮಾದರಿಗೆ ಹೊಂದದಂತಾಗುವವರೆಗೆ ಯಾರಿಗೂ ಏನೂ ಗೊತ್ತಾಗಲಿಲ್ಲ. ಅನಂತರ ಸಂಗ್ರಹದಲ್ಲಿ ಸಿಕ್ಕಿದ್ದು ಸಮಯಮುದ್ರೆ, ಹೋಸ್ಟ್ ಹೆಸರು ಮತ್ತು ಸೋಲಿನ ಟ್ಯಾಗ್ ಮಾತ್ರ. ಹೊಸ ಮಾದರಿ ಬರೆಯೋಣವೆಂದರೆ ಎದುರಿಗೆ ಒಂದು ಸಾಲಾದರೂ ಬೇಕಲ್ಲ!

ಇಲ್ಲಿಗೆ ಮುಗಿಯಿತೇ ಎಂದರೆ ಇಲ್ಲ. ‘ಯಶಸ್ಸು’ ಎಂದರೆ ಪ್ರತಿ ಪ್ಲಗಿನ್‌ಗೂ ಬೇರೆ ಬೇರೆ, ಅದನ್ನೂ ಕೈಪಿಡಿ ಹೇಳಬೇಕು. ಗೆದ್ದರೆ ‘ಆ್ಯಡ್ ಟ್ಯಾಗ್’, ಸೋತರೆ ಸೋಲಿನ ಟ್ಯಾಗ್, ಎರಡರಲ್ಲಿ ಒಂದು ಇದ್ದೇ ಇರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಮೂರನೆಯ ಸ್ಥಿತಿಯೂ ಇದೆ. ಫೀಲ್ಡ್‌ನಲ್ಲಿರುವ ಸಮಯವನ್ನು ಓದಿ ಇವೆಂಟ್‌ನ ಸಮಯವಾಗಿಸುವ ಡೇಟ್ ಫಿಲ್ಟರ್‌ಗೆ ಕೊಟ್ಟ ಫೀಲ್ಡೇ ಆ ಇವೆಂಟ್‌ನಲ್ಲಿ ಇಲ್ಲದಿದ್ದರೆ ಅದು ಸುಮ್ಮನೆ ಮುಂದಕ್ಕೆ ಹೋಗುತ್ತದೆ: ಗೆದ್ದ ಗುರುತೂ ಇಲ್ಲ, ಸೋತ ಗುರುತೂ ಇಲ್ಲ. ಜೇಸನ್ ರೂಪದ ಪಠ್ಯವನ್ನು ಬಿಡಿಸುವ ಜೇಸನ್ ಫಿಲ್ಟರ್ ಕೂಡ ಹಾಗೆಯೇ. ಗ್ರಾಕ್ ಮಾತ್ರ ಫೀಲ್ಡ್ ಇಲ್ಲದಿದ್ದರೂ ಸೋಲಿನ ಟ್ಯಾಗ್ ಹಾಕುತ್ತದೆ. ‘ಡೇಟ್ ಪಾರ್ಸ್ ಫೇಲ್ಯೂರ್ ಒಂದೂ ಇಲ್ಲ, ಆದರೂ ಸಮಯವೆಲ್ಲ ತಪ್ಪು’ ಎಂದು ಕರೆ ಬಂದರೆ ಮೊದಲು ಆ ಫೀಲ್ಡ್ ಇದೆಯೇ ನೋಡಿ ಎನ್ನುತ್ತೇನೆ. ಫಿಲ್ಟರ್ ಮುಟ್ಟದ ಇವೆಂಟ್, ಲಾಗ್‌ಸ್ಟ್ಯಾಶ್ ತನ್ನನ್ನು ಸ್ವೀಕರಿಸಿದ ಸಮಯವನ್ನೇ ಹೊತ್ತುಕೊಂಡು ಹೋಗಿರುವ ಸಾಧ್ಯತೆ ಹೆಚ್ಚು. ಪ್ಲಗಿನ್‌ಗಳು ಬಿಡಿಬಿಡಿಯಾಗಿಯೂ ನವೀಕರಣಗೊಳ್ಳುವುದರಿಂದ ನಿಮ್ಮಲ್ಲಿರುವ ಆವೃತ್ತಿ ಹೇಗೆ ವರ್ತಿಸುತ್ತದೆ ಎಂಬುದನ್ನು ಓಡಿಸಿಯೇ ಖಚಿತಪಡಿಸಿಕೊಳ್ಳಬೇಕು. ನನ್ನ ಮಾತನ್ನೂ ಕಣ್ಣುಮುಚ್ಚಿ ಒಪ್ಪಬೇಡಿ.

ಆ್ಯಡ್ ಫೀಲ್ಡ್‌ನ ವಿವರಣೆಗೆ ಇನ್ನೆರಡು ವಾಕ್ಯ ಬೇಕು. ಆ ಹೆಸರಿನ ಫೀಲ್ಡ್ ಆಗಲೇ ಇದ್ದರೆ ಹಳೆಯ ಮೌಲ್ಯ ಹೋಗುವುದಿಲ್ಲ, ಹಳೆಯದೂ ಹೊಸದೂ ಸೇರಿ ಅರೇ (ಮೌಲ್ಯಗಳ ಪಟ್ಟಿ) ಆಗುತ್ತದೆ. ಶೇಕಡಾ ಚಿಹ್ನೆ ಮತ್ತು ಪುಷ್ಪಾವರಣದಲ್ಲಿ ಉಲ್ಲೇಖಿಸಿದ ಫೀಲ್ಡ್ ಇಲ್ಲದಿದ್ದರೆ ಮೌಲ್ಯ ಖಾಲಿ ಬಿಡುವುದಿಲ್ಲ, ಬರೆದ ಅಕ್ಷರಗಳೇ ಹಾಗೆಯೇ ಉಳಿಯುತ್ತವೆ. ಡ್ಯಾಶ್‌ಬೋರ್ಡ್‌ನಲ್ಲಿ ಶೇಕಡಾ ಚಿಹ್ನೆ ಹೊತ್ತ ವಿಚಿತ್ರ ಬಳಕೆದಾರರು ಹುಟ್ಟಿಕೊಳ್ಳುವುದು ಹೀಗೆ.

ಉಳಿದ ಮೂರು ಆಯ್ಕೆಗಳು ಯಶಸ್ಸಿಗೆ ಕಾಯುವುದಿಲ್ಲ. ಫಿಲ್ಟರ್‌ನ ಅಂಕಿಅಂಶ ದಾಖಲಿಸುವ ಎನೇಬಲ್ ಮೆಟ್ರಿಕ್ ಡೀಫಾಲ್ಟ್ ಆಗಿ ಟ್ರೂ, ಅದನ್ನು ಮುಟ್ಟಬೇಕಾದ ಸಂದರ್ಭ ಕಡಿಮೆ. ನಿಯತ ಅಂತರದಲ್ಲಿ ಫಿಲ್ಟರ್‌ನ ಫ್ಲಶ್ ಕಾರ್ಯವನ್ನು ಓಡಿಸುವ ಪೀರಿಯಾಡಿಕ್ ಫ್ಲಶ್ ಅನ್ನು ಟ್ರೂ ಮಾಡಿಟ್ಟವರನ್ನು ಕಾರಣ ಕೇಳಿದರೆ ‘ಹಿಂದಿನ ಕಡತದಲ್ಲಿತ್ತು’ ಎನ್ನುತ್ತಾರೆ. ಫಿಲ್ಟರ್‌ಗೆ ಗುರುತಿನ ಹೆಸರಾಗುವ ಐಡಿ ಮಾತ್ರ ಕೊಡಲೇಬೇಕು ಎಂದು ನಾನು ಹಟ ಹಿಡಿಯುತ್ತೇನೆ. ಕೊಡದಿದ್ದರೆ ಲಾಗ್‌ಸ್ಟ್ಯಾಶ್ ತಾನೇ ಒಂದನ್ನು ಸೃಷ್ಟಿಸಿಕೊಳ್ಳುತ್ತದೆ ಎಂಬುದು ನಿಜ. ಆದರೆ 9600ನೇ ಪೋರ್ಟ್‌ನಲ್ಲಿ ಲಾಗ್‌ಸ್ಟ್ಯಾಶ್ ಒದಗಿಸುವ ಅಂಕಿಅಂಶ ತೆರೆದಾಗ, ಇರುವ ಹಲವು ಗ್ರಾಕ್‌ಗಳಲ್ಲಿ ಸಮಯ ನುಂಗುತ್ತಿರುವುದು ಯಾವುದು ಎಂದು ಆ ಉದ್ದನೆಯ ಅಕ್ಷರಸಾಲು ನೋಡಿ ಹೇಳಬಲ್ಲವರು ಯಾರು?

ಹಾಗಾದರೆ ಕೋಷ್ಟಕ ಬೇಡವೇ ಎಂದು ಕೇಳುತ್ತಾರೆ. ಇರಲಿ, ಆದರೆ ‘ಯಾವಾಗ ಜಾರಿಯಾಗುತ್ತದೆ’ ಎಂಬ ಅಂಕಣವೊಂದನ್ನು ಸೇರಿಸಿ. ಪ್ರತಿ ಫಿಲ್ಟರ್‌ಗೂ ಮೂರು ಇವೆಂಟ್ ಹಾಯಿಸಿ: ಹೊಂದುವುದು, ಹೊಂದದಿರುವುದು, ಬೇಕಾದ ಫೀಲ್ಡೇ ಇಲ್ಲದಿರುವುದು. ಔಟ್‌ಪುಟ್‌ಗೆ ರೂಬಿಡೀಬಗ್ ಕೋಡೆಕ್ (ಇವೆಂಟ್ ಅನ್ನು ಓದಬಲ್ಲ ರೂಪದಲ್ಲಿ ಮುದ್ರಿಸುವ ಘಟಕ) ಹಾಕಿದರೆ ತೆರೆಯ ಮೇಲೆ ಇವೆಂಟ್ ಬಿಚ್ಚಿಕೊಳ್ಳುತ್ತದೆ. ಆ ಮೂರೂ ಫಲಿತಾಂಶಗಳನ್ನು ಕತ್ತರಿಸದೆ ಕೈಪಿಡಿಗೆ ಅಂಟಿಸಿ, ಮೇಲೆ ಪ್ಲಗಿನ್‌ನ ಆವೃತ್ತಿ ಸಂಖ್ಯೆ ಬರೆದಿಡಿ. ಪುಟ ಉದ್ದವಾದರೆ ಆಗಲಿ.